ನಡುಬಾವಿಯ ದಾರ

ಕುರುಗೋಡಿನ ಹುಲುಗಮ್ಮನ ಮನೆಯ ಒಳಗೋಡೆಗೆ ಐದು ಗೂಟ, ಐದು ಗೂಟಕ್ಕೆ ಐದು ದಾರದ ಸುರುಳಿ. ಅವಳ ಕಡೆಯ ಕೇರಿಗಳಿಗೆ ಇದ್ದ ಬಾವಿಗಳು ಐದು, ಬಾವಿಗೊಂದು ದಾರ. ಯಾರದಾದರೂ ಕಾಲಿನಿಂದ ಒಂದು ನಾರುಹುಳ ತೆಗೆದರೆ, ಆ ಮನೆಯವರು ಯಾವ ಬಾವಿಯ ನೀರು ಕುಡಿಯುತ್ತಾರೋ ಆ ಬಾವಿಯ ದಾರಕ್ಕೆ ಒಂದು ಗಂಟು ಬೀಳುತ್ತಿತ್ತು. ಯುಗಾದಿ ಬಂತೆಂದರೆ ಐದೂ ದಾರಕ್ಕೆ ಒಂದೊಂದು ಕವಡೆ ಪೋಣಿಸಿ ವರ್ಷ ಮುಗಿಸುತ್ತಿದ್ದಳು. ಇದು ಅತ್ತೆಯಿಂದ ಬಂದ ಪದ್ಧತಿ. ಯಾಕೆ ಕಟ್ಟಬೇಕು ಅಂತ ಸೊಸೆ ಕೇಳಲಿಲ್ಲ, ಅತ್ತೆಯೂ ಹೇಳುವ ಪೈಕಿ ಆಗಿರಲಿಲ್ಲ.

ನಾರುಹುಣ್ಣು ಕಂಡವರಿಗೆ ವಿವರಿಸುವುದು ಬೇಡ, ಕಾಣದವರು ಪುಣ್ಯವಂತರು. ಹೆಚ್ಚಾಗಿ ಬೇಸಿಗೆಯಲ್ಲಿ ಕಾಲಿನ ಮೇಲೆ ಒಂದು ಬೊಕ್ಕೆ ಏಳುತ್ತದೆ. ಕೆಂಡ ಇಟ್ಟಂತೆ ಉರಿದು ಒಡೆಯುತ್ತದೆ. ಒಳಗಿನಿಂದ ಬಿಳಿಯ ಹುಳವೊಂದು ತಲೆ ಹಾಕುತ್ತದೆ, ಮೊಳಕ್ಕಿಂತ ಉದ್ದ. ಅದನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಎರಡೇ ಬೆರಳು ಎಳೆಯಬೇಕು. ಅವಸರ ಮಾಡಿ ಹರಿದರೋ, ಕಾಲು ಬಾತು ಮಂಡಿ ಸೆಟೆದುಕೊಂಡು ದುಡಿಯುವ ಆಳು ಕುಂಟನಾಗಿ ಕೂರುತ್ತಾನೆ. ಹುಲುಗಮ್ಮನ ಕೈಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಒಂದು ಹುಳವೂ ಹರಿದಿರಲಿಲ್ಲ. ಇದನ್ನು ಅವಳು ಮುಚ್ಚಿಟ್ಟುಕೊಂಡವಳಲ್ಲ, ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದಳು.

ಇಂಥ ಹುಲುಗಮ್ಮನ ಮಾನ ಹೋದದ್ದು ಸಿರುಗುಪ್ಪದಲ್ಲಿ. ಇದ್ದೊಬ್ಬ ಮಗಳು ಹಂಪಮ್ಮನನ್ನು ಅಲ್ಲಿಗೆ ಕೊಟ್ಟಿದ್ದಳು. ಕಾಲುವೆ ನೀರಿನ ಭತ್ತದ ಗದ್ದೆ, ಕುಡಿಯಲಿಕ್ಕೆ ಹೊಳೆಯ ನೀರು, ಒಳ್ಳೆಯ ಮನೆತನ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಐದು ತಿಂಗಳು ತುಂಬುವ ಹೊತ್ತಿಗೇ ಬೀಗಿತ್ತಿ ಸತ್ಯಮ್ಮ ಹೇಳಿ ಕಳಿಸಿದಳು: "ನಮ್ಮ ಸೊಸಿ ನಮ್ಮ ಮನ್ಯಾಗ ಹಡಿತಾಳ. ಆ ನಾರಿನ ಊರಿನ ನೀರು ನಮ್ಮ ಕೂಸಿಗೆ ಬ್ಯಾಡ. ಬೀಗಿತ್ತಿನಽ ಇಲ್ಲಿಗೆ ಬಂದು ಬಾಣಂತನ ಮಾಡ್ಲಿ."

ತಾಯಿ ಮಗಳ ಮನೆಗೆ ಹೋಗಿ ಬಾಣಂತನ ಮಾಡುವುದು ಎಂದರೆ ಕೇರಿಯ ಹೆಂಗಸರ ಬಾಯಿಗೆ ವರ್ಷವಿಡೀ ಎಲೆಯಡಿಕೆ. ಹುಲುಗಮ್ಮ ಮೂರು ದಿನ ಸತ್ಯಮ್ಮನನ್ನು ಮನಸಾರೆ ಬೈದಳು. ನಾಲ್ಕನೆಯ ದಿನ, ಒಬ್ಬರ ಹಿಮ್ಮಡಿಯಿಂದ ಹುಳ ಸುತ್ತುತ್ತಾ ಕೂತವಳಿಗೆ, ಆ ಹೆಂಗಸು ಹೇಳಿದ್ದರಲ್ಲಿ ಸುಳ್ಳು ಯಾವುದು ಎಂಬುದು ಹೊಳೆಯಲಿಲ್ಲ. ಹೊಟ್ಟೆ ಉರಿದದ್ದು ಅದಕ್ಕೇ.

ಅದೇ ದಿನಗಳಲ್ಲಿ ಡಾಕ್ಟರ್ ಕೊಟ್ಟೂರಪ್ಪ ಸೈಕಲ್ಲು ತುಳಿದುಕೊಂಡು ಕುರುಗೋಡಿಗೆ ಬಂದದ್ದು. ಬಳ್ಳಾರಿಯ ಕೌಲ್ ಬಜಾರಿನ ಒಂದು ಸಂದಿಯಲ್ಲಿ ಬಾಡಿಗೆ ಕೋಣೆ ಹಿಡಿದು, ಬಾಗಿಲ ಮೇಲೆ 'ನೀರು ನೆಲ ಆರೋಗ್ಯ ಸಂಶೋಧನ ಕೇಂದ್ರ' ಎಂದು ಹಲಗೆ ಬರೆಸಿ ಹಾಕಿದ್ದ. ಹಲಗೆ ನೋಡಿದರೆ ಒಳಗೆ ನೂರು ಜನ ಇರಬೇಕು ಅನ್ನಿಸುತ್ತಿತ್ತು. ಒಳಗೆ ಇದ್ದದ್ದು ಒಂದು ಮೇಜು, ಸ್ನೇಹಿತನೊಬ್ಬನಿಂದ ಎರವಲು ತಂದ ಒಂದು ಸೂಕ್ಷ್ಮದರ್ಶಕ, ಮತ್ತು ಕೊಟ್ಟೂರಪ್ಪ. ಡಾಕ್ಟರೂ ಅವನೇ, ಗುಮಾಸ್ತನೂ ಅವನೇ, ಕಸ ಹೊಡೆಯುವವನೂ ಅವನೇ.

ಜಗಲಿಯ ಮೇಲೆ ಕೂತು ಅವನು ಹುಲುಗಮ್ಮನಿಗೆ ಹೇಳಿದ: "ನೋಡವ್ವ, ಹುಣ್ಣಿನ ಕಾಲು ಬಾವಿ ನೀರಿಗೆ ಇಳಿತೈತಿ. ಹುಳ ನೀರಿನಾಗ ಮರಿ ಬಿಡ್ತೈತಿ. ಆ ಮರಿನ ಒಂದು ಸಣ್ಣ ನೀರುಚಿಗಟ ತಿಂತೈತಿ. ಆ ಚಿಗಟನ ನಾವು ನೀರಿನ ಕೂಡ ಕುಡಿತೀವಿ. ಒಂದು ವರ್ಷಕ್ಕ ಕಾಲಿನಾಗ ನಾರು."

ಹುಲುಗಮ್ಮನಿಗೆ ನಗು ಬಂತು. ನಗುತ್ತಾ ಒಳಗೆ ಹೋದವಳು ಗೋಡೆಯ ಕಡೆ ನೋಡಿ ನಿಂತಳು. ಮೆಟ್ಟಿಲು ಇಳಿದು ನೀರು ತುಂಬುವ ಮೂರು ಬಾವಿಗಳ ದಾರ ಗಂಟು ಗಂಟಾಗಿ ದಪ್ಪಗಿದ್ದವು, ಕೇರಿಯ ನಡುವಿನ ನಡುಬಾವಿಯದಂತೂ ಎಲ್ಲಕ್ಕಿಂತ ದಪ್ಪ. ಮೇಲಿನಿಂದ ಹಗ್ಗ ಬಿಟ್ಟು ಸೇದುವ ಎರಡು ಬಾವಿಗಳ ದಾರ ಹೆಚ್ಚುಕಡಿಮೆ ಬೋಳಾಗಿದ್ದವು. ದಿನಾ ಕಣ್ಣೆದುರಿಗೇ ಇದ್ದದ್ದು ಅವತ್ತು ಕಂಡಿತು. ಹೊರಗೆ ಬಂದವಳು ನಗಲಿಲ್ಲ, ಡಾಕ್ಟರಿಗೆ ಮಜ್ಜಿಗೆ ಕೊಟ್ಟಳು. ದಾರದ ಮಾತು ಮಾತ್ರ ಎತ್ತಲಿಲ್ಲ. ಅದು ಮನೆಯೊಳಗಿನ ಸಂಗತಿ, ಓದಿದವನಿಗೆ ತೋರಿಸಿದರೆ ನಕ್ಕಾನು ಎಂಬ ಅಳುಕು.

ಸಾವಿರದ ಒಂಬೈನೂರ ನಲವತ್ತೊಂಬತ್ತರ ಯುಗಾದಿಗೆ ಮುಂಚೆ ಕೊಟ್ಟೂರಪ್ಪ ಕುಣಿಯುವುದೊಂದು ಬಾಕಿ ಎಂಬಂತೆ ಬಂದ. ಮದರಾಸಿನ ಯೂನಿವರ್ಸಿಟಿಯಿಂದ ಕಾಗದ ಬಂದಿತ್ತು. ಮೂವರು ಪ್ರೊಫೆಸರರು ಬರುತ್ತಾರೆ, ನೋಡುತ್ತಾರೆ. ಒಪ್ಪಿದರೆ ಕೇಂದ್ರಕ್ಕೆ ಎರಡು ಸೂಕ್ಷ್ಮದರ್ಶಕ, ಗಾಜಿನ ಸಾಮಾನು, ಒಬ್ಬ ಲ್ಯಾಬಿನವನು, ಹಳ್ಳಿ ಸುತ್ತುವುದಕ್ಕೆ ನಾಲ್ಕು ಜನ. ಒಪ್ಪದಿದ್ದರೆ ಎರವಲಿನ ಸೂಕ್ಷ್ಮದರ್ಶಕ ವಾಪಸು, ಕೋಣೆಗೆ ಬೀಗ.

"ನಡುಬಾವಿ ನೀರು ತೋರಿಸಿದ್ರ ಸಾಕವ್ವ," ಅಂದ. "ಒಂದು ತಂಬಿಗಿ ನೀರಿನಾಗ ನೂರು ಚಿಗಟ ಕುಣಿತಾವ. ನಾನು ಬಾಯಿ ಬಿಡೋದಽ ಬ್ಯಾಡ."

ಹುಲುಗಮ್ಮ ಲೆಕ್ಕ ಹಾಕಿದಳು. ಕೇಂದ್ರ ನಿಂತರೆ ಬಾವಿ ನೆಟ್ಟಗಾಗುತ್ತದೆ. ಬಾವಿ ನೆಟ್ಟಗಾದರೆ ಊರಿನ ಹೆಸರಿನಿಂದ ನಾರು ಬಿಡುತ್ತದೆ. ಆಮೇಲೆ ಮಗಳ ಎರಡನೆಯ ಬಾಣಂತನ ಇದೇ ಮನೆಯ ಒಳಗೆ. ತನ್ನ ಕಸುಬು ಹೋಗುತ್ತದೆ ಎಂಬುದೂ ಹೊಳೆಯಿತು. ಹೋಗಲಿ ಅಂದುಕೊಂಡಳು. ಈ ಕಸುಬನ್ನು ಇಷ್ಟಪಟ್ಟು ಮಾಡಿದವರು ಯಾರೂ ಇರಲಿಲ್ಲ.

ಅಷ್ಟರಲ್ಲಿ ಸಿರುಗುಪ್ಪದಿಂದ ಕರೆ ಬಂತು, ಹಂಪಮ್ಮನಿಗೆ ಹೆಣ್ಣು ಕೂಸು. ಹೊರಡುವ ಮುಂಚೆ ಹುಲುಗಮ್ಮ ಕೇರಿಯ ಹಿರಿಯ ಎರ್ರೆಪ್ಪನಿಗೆ ಹೇಳಿದಳು: "ಎರ್ರೆಪ್ಪಣ್ಣ, ಮದ್ರಾಸಿನಿಂದ ದೊಡ್ಡೋರು ನಮ್ಮ ನಡುಬಾವಿ ನೋಡಾಕ ಬರಾಕಹತ್ಯಾರ. ನಾನು ಆ ದಿನಕ್ಕ ಬರ್ತೀನಿ." ಇಷ್ಟು ಹೇಳಿ ಬಸ್ಸು ಹತ್ತಿದಳು. ಇನ್ನೆರಡು ಮಾತು ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಪ್ರೊಫೆಸರರು ಬರುವ ದಿನ ಅವಳು ಸಿರುಗುಪ್ಪದಿಂದ ಬಳ್ಳಾರಿಗೆ ಬಂದು, ಅವರ ಮತ್ತು ಕೊಟ್ಟೂರಪ್ಪನ ಜೊತೆ ಬಾಡಿಗೆ ಮೋಟಾರಿನಲ್ಲೇ ಕೂತು ಕುರುಗೋಡಿಗೆ ಹೊರಟಳು. ಬಸ್ಸು ಬಿಟ್ಟರೆ ಜೀವಮಾನದಲ್ಲಿ ಮೊದಲ ಮೋಟಾರು. ಊರವರು ನೋಡಲಿ ಅಂತ ಕಿಟಕಿಗೆ ಮುಖ ಕೊಟ್ಟು ಕೂತಿದ್ದಳು. ನಡುಬಾವಿಯ ತಿರುವಿಗೆ ಬಂದಾಗ ಮೊದಲು ಕಂಡದ್ದು ಅವಳಿಗೇ: ಮೆಟ್ಟಿಲುಗಳಿಗೆಲ್ಲ ಬೆಳ್ಳಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ಬಾವಿಯ ಬಾಯಿಗೆ ಮಾವಿನ ತೋರಣ.

ಎರ್ರೆಪ್ಪ ರುಮಾಲು ಸುತ್ತಿಕೊಂಡು ಎದುರು ಬಂದ. ಮುಖದಲ್ಲಿ ಮದುವೆ ಮನೆಯ ಕಳೆ. "ಬರ್ರಿ ಬರ್ರಿ. ಇಪ್ಪತ್ತು ಆಳು ಹಚ್ಚಿ ಮೂರು ದಿನ ನೀರು ಎತ್ತಿಸೇವ್ರಿ. ಹೂಳು ತಗಿಸೇವ್ರಿ. ತಳಕ್ಕ ಎರಡು ಬಂಡಿ ಸುಣ್ಣ ಸುರುವೇವ್ರಿ. ಈಗ ನೋಡ್ರಿ ನಮ್ಮ ನೀರು."

ಮನೆಗೆ ನೆಂಟರು ಬರುವ ಮುಂಚೆ ಕಸ ಗುಡಿಸದವರು ಯಾರು? ಎರ್ರೆಪ್ಪ ಮಾಡಿದ್ದು ಅದನ್ನೇ. ಊರಿನ ಬಾವಿ ನೋಡಲು ಮದರಾಸಿನಿಂದ ಬರುವವರಿಗೆ ಪಾಚಿಗಟ್ಟಿದ ನೀರು ತೋರಿಸಿ ಮಾನ ಕಳೆದುಕೊಳ್ಳುವ ಗಂಡಸು ಆ ಕೇರಿಯಲ್ಲಿ ಹುಟ್ಟಿರಲಿಲ್ಲ.

ಕೊಟ್ಟೂರಪ್ಪ ಒಂದಾದಮೇಲೊಂದು ಹದಿನೈದು ಗಾಜಿನ ಮೇಲೆ ನೀರು ಬಿಟ್ಟು ಸೂಕ್ಷ್ಮದರ್ಶಕದ ಕೆಳಗೆ ಇಟ್ಟ. ಪ್ರೊಫೆಸರರ ಮುಖಂಡ ಒಂದೊಂದಕ್ಕೂ ಬಗ್ಗಿ, ಕೊನೆಗೆ ಸೊಂಟ ಹಿಡಿದುಕೊಂಡು ನೆಟ್ಟಗಾದ. ಒಂದು ಚಿಗಟ ಇರಲಿಲ್ಲ. ಬಾವಿಯನ್ನು ಮೊನ್ನೆಯಷ್ಟೇ ತೊಳೆದಿದ್ದಾರೆ ಎಂದು ಕೊಟ್ಟೂರಪ್ಪ ಹೇಳಿದ. ನಿಜವನ್ನೇ ಹೇಳಿದ, ಆದರೆ ಕೇಳುವುದಕ್ಕೆ ನೆಪದ ಹಾಗಿತ್ತು. ಮುಖಂಡ ಗಡಿಯಾರ ನೋಡಿದ.

ಹುಲುಗಮ್ಮನಿಗೆ ಎರ್ರೆಪ್ಪನ ರುಮಾಲು ಕಿತ್ತು ಬಾವಿಗೆ ಎಸೆಯಬೇಕೆನ್ನಿಸಿತು. "ಅಣ್ಣಾ, ನಿನಗ ಯಾರು ತೊಳಿ ಅಂದ್ರು?" ಅಂದಳು ಹಲ್ಲು ಕಚ್ಚಿ. ಅವನು ಪಿಳಿಪಿಳಿ ನೋಡಿದ. "ಹೊಲಸು ತೋರಿಸ್ಬೇಕಿತ್ತೇನಕ್ಕ?" ಅಂದ.

ಮೂವರೂ ಮೋಟಾರಿನ ಕಡೆ ತಿರುಗಿದರು. ಆಗ ಹುಲುಗಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮನೆಗೆ ಹೋಗಿ ಐದೂ ದಾರ ಗೂಟದಿಂದ ಇಳಿಸಿಕೊಂಡು ಬಂದಳು. ನಕ್ಕರೆ ನಗಲಿ. ಮೋಟಾರಿನ ಬಾಗಿಲಿಗೆ ಅಡ್ಡ ನಿಂತಳು.

ಮೂವರಲ್ಲಿ ದಪ್ಪ ಕನ್ನಡಕದವನೊಬ್ಬ ಇದ್ದ. ಅವನು ಲೆಕ್ಕದ ಪ್ರೊಫೆಸರು, ನೆಲ್ಲೂರಿನ ಕಡೆಯವನು. ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ಇದೇನು ಎಂದು ತೆಲುಗಿನಲ್ಲಿ ಕೇಳಿದ. ಹುಲುಗಮ್ಮನಿಗೆ ತೆಲುಗು ನೀರು ಕುಡಿದ ಹಾಗೆ. ಬಾವಿ, ಗಂಟು, ಕವಡೆ, ಎಲ್ಲವನ್ನೂ ತೆಲುಗಿನಲ್ಲೇ ಬಿಡಿಸಿ ಹೇಳಿದಳು.

"ಗಂಟು ಯಾವ ದಾರಕ್ಕೆ ಎಂದು ಹೇಗೆ ತೀರ್ಮಾನ ಮಾಡುತ್ತೀಯಮ್ಮ?"

"ಮನಿಗೆ ಯಾವ ಬಾವಿ ನೀರು ಬರ್ತೈತೋ ಆ ದಾರಕ್ಕ. ಬ್ಯಾರೆ ಏನೂ ಕೇಳೋದಿಲ್ಲ."

ಅವನು ಕೋಟು ಬಿಚ್ಚಿ ಅವಳ ಮನೆಯ ಜಗಲಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಡುಬಾವಿಯ ದಾರ ಬಿಚ್ಚಿದರೆ ಜಗಲಿಯ ಈ ಕೊನೆಯಿಂದ ಆ ಕೊನೆಗೆ ನಾಲ್ಕು ಸಲ ಬಂತು. ಮುಖಂಡ ಎರಡು ಸಲ ಕೆಮ್ಮಿದ, ಮೋಟಾರಿನವ ಹಾರನ್ನು ಒತ್ತಿದ, ಪ್ರೊಫೆಸರು ತಲೆ ಎತ್ತಲಿಲ್ಲ. ಇಪ್ಪತ್ತೆರಡು ಕವಡೆಗಳ ನಡುವಿನ ಗಂಟುಗಳನ್ನು ಒಂದೂ ಬಿಡದೆ ಎಣಿಸಿ ಬರೆದುಕೊಂಡ. ಹೋದ ವರ್ಷ ನಡುಬಾವಿಗೆ ನಲವತ್ಮೂರು. ಸೇದುವ ಎರಡೂ ಬಾವಿಗೆ ಸೇರಿ ಎರಡು.

ಅವನು ಎದ್ದು ನಿಂತು ಮುಖಂಡನಿಗೆ ಇಂಗ್ಲಿಷಿನಲ್ಲಿ ಏನೋ ಜೋರಾಗಿ ಹೇಳಿದ. ಆಮೇಲೆ ತೆಲುಗಿನಲ್ಲಿ ಹುಲುಗಮ್ಮನಿಗೆ ಹೇಳಿದ: "ಅಮ್ಮಾ, ನಿಮ್ಮವರು ಬಾವಿ ತೊಳೆದು ನಮ್ಮ ಸಾಕ್ಷಿ ಹಾಳು ಮಾಡಿದರು. ಆದರೆ ಅದಕ್ಕಿಂತ ದೊಡ್ಡ ಪರೀಕ್ಷೆ ಶುರು ಮಾಡಿಬಿಟ್ಟಿದ್ದಾರೆ. ಈ ಬೇಸಿಗೆಯ ಹುಳಗಳು ಹೋದ ವರ್ಷವೇ ಹೊಟ್ಟೆ ಸೇರಿವೆ, ಅವು ಬಂದೇ ಬರುತ್ತವೆ. ಈ ನೀರಿಗೆ ಒಂದು ಕಾಲೂ ಇಳಿಯದ ಹಾಗೆ ನೋಡಿಕೊಳ್ಳಿ. ಡಾಕ್ಟರ್ ಹೇಳುವುದು ನಿಜವಾದರೆ ಮುಂದಿನ ಬೇಸಿಗೆಗೆ ಈ ದಾರ ಖಾಲಿ ಇರಬೇಕು. ಆ ಬೇಸಿಗೆ ಮುಗಿದ ಮಳೆಗಾಲಕ್ಕೆ ಬಂದು ನೋಡುತ್ತೇನೆ. ಅಲ್ಲಿಯವರೆಗೆ ಕೇಂದ್ರಕ್ಕೆ ಬೀಗ ಬೀಳದ ಹಾಗೆ ನಾನು ನೋಡಿಕೊಳ್ಳುತ್ತೇನೆ."

ಮೋಟಾರು ಹೋದಮೇಲೆ ಕೊಟ್ಟೂರಪ್ಪ ಜಗಲಿಯ ಮೇಲೆ ಕೂತುಬಿಟ್ಟ. "ಇಷ್ಟು ದಿನ ನಿನ್ನ ಜಗಲಿ ಮ್ಯಾಲೆ ಕುಂತು ಮಜ್ಜಿಗಿ ಕುಡ್ದೆ. ಈ ದಾರದ ಮಾತು ಯಾಕ ಹೇಳ್ಲಿಲ್ಲವ್ವ?" ಅಂದ.

"ನೀವು ಕೇಳ್ಲಿಲ್ರಿ," ಅಂದಳು ಹುಲುಗಮ್ಮ.

ಅವತ್ತಿನಿಂದ ನಡುಬಾವಿ ಹುಲುಗಮ್ಮನ ಜಹಗೀರು ಆಯಿತು. ಎರ್ರೆಪ್ಪ ತಪ್ಪು ತಿದ್ದಿಕೊಳ್ಳುವ ಹುರುಪಿನಲ್ಲಿ ಮೆಟ್ಟಿಲುಗಳ ಬಾಯಿಗೆ ಕಲ್ಲಿನ ಗೋಡೆ ಎತ್ತಿಸಿ, ಮೇಲೆ ಎರಡು ರಾಟೆ ಹಾಕಿಸಿದ. ಗೋಡೆ ಏಳುವುದು ಸುಲಭ, ರೂಢಿ ಬೀಳುವುದು ಕಷ್ಟ. ನೀರಿಗಿಳಿದು ಕಾಲು ತೊಳೆದುಕೊಂಡೇ ಕೊಡ ತುಂಬಬೇಕು ಎಂಬುದು ಆ ಕೇರಿಯ ಹೆಂಗಸರಿಗೆ ಅಜ್ಜಿಯರ ಕಾಲದಿಂದ ಬಂದ ಮಡಿ. ಪಕ್ಕದ ಮನೆಯ ಜಡೆಮ್ಮ ಗೋಡೆ ದಾಟಿ ಇಳಿಯಲು ಹೊರಟಳು.

"ಕಾಲು ತೊಳಿಲಾರದಂಗ ನೀರು ತುಂಬಿದ್ರ ಮೈಲಿಗಿ ಆಗೋದಿಲ್ಲೇನ?" ಅಂದಳು.

"ತೊಳಿಬ್ಯಾಡ ಅಂದ್ನೇನ? ನೀರಿನಾಗ ತೊಳಿಬ್ಯಾಡ. ನೀನು ತೊಳಿದ ಕೊಳಿ ನೀನಽ ಕುಡಿತೀಯಲ್ಲ, ಅದು ಮಡಿ ಏನ?" ಅಂದು ಹುಲುಗಮ್ಮ ಅವಳ ರಟ್ಟೆ ಹಿಡಿದು ಎಳೆದಳು. ಮಾರನೆಯ ದಿನ ಗೋಡೆಯ ಹೊರಗೆ ಒಂದು ಕಲ್ಲಿನ ದೋಣಿ ತರಿಸಿ ಇಡಿಸಿದಳು. ಮೊದಲು ಅದರಲ್ಲಿ ಕಾಲು ತೊಳೆ, ಆಮೇಲೆ ರಾಟೆ ಮುಟ್ಟು. ಮಡಿಯೂ ಉಳಿಯಿತು, ಬಾವಿಯೂ ಉಳಿಯಿತು. ಒಂದು ತಿಂಗಳಲ್ಲಿ ಜಡೆಮ್ಮನೇ ಉಳಿದವರಿಗೆ ಬೈಯುವಷ್ಟಾದಳು.

ಆ ಬೇಸಿಗೆಗೆ ಪ್ರೊಫೆಸರು ಹೇಳಿದಂತೆ ಹುಳಗಳು ಬಂದವು. ನಲವತ್ತೊಂದು. ಉರಿ ತಾಳದೆ ತಣ್ಣೀರಿಗೆ ಕಾಲು ಬಿಡಲು ಬಾವಿಗೆ ಓಡುವವರನ್ನು ಹುಲುಗಮ್ಮ ಮನೆಯಲ್ಲೇ ಕೂರಿಸಿ, ತಾನೇ ಕೊಡ ಹೊತ್ತು ಅವರ ಬಾಗಿಲಿಗೆ ನೀರು ಹಾಕಿದಳು. ದಿನಕ್ಕೆ ಇಪ್ಪತ್ತು ಕೊಡ. ಸೊಂಟ ಬಿದ್ದುಹೋಯಿತು, ಬಾಯಿ ಮಾತ್ರ ಬೀಳಲಿಲ್ಲ.

ಐವತ್ತರ ಯುಗಾದಿಗೆ ಕವಡೆ ಪೋಣಿಸಿದಳು. ಏಪ್ರಿಲ್ ಹೋಯಿತು, ಮೇ ಹೋಯಿತು. ಉಳಿದ ಎರಡು ಮೆಟ್ಟಿಲು ಬಾವಿಗಳ ದಾರಕ್ಕೆ ಗಂಟಿನ ಮೇಲೆ ಗಂಟು ಬಿದ್ದವು. ನಡುಬಾವಿಯ ದಾರ ಬೋಳಾಗಿಯೇ ಇತ್ತು. ಜೂನ್ ಮುಗಿಯಿತು. ಕೇರಿಯವರು ಹಾದುಹೋಗುವಾಗ ಒಳಗೆ ಇಣುಕಿ ದಾರ ನೋಡಿಕೊಂಡು ಹೋಗುವುದು ವಾಡಿಕೆಯಾಯಿತು. ಕೊಟ್ಟೂರಪ್ಪ ವಾರಕ್ಕೆ ಮೂರು ಸಲ ಸೈಕಲ್ಲು ತುಳಿದು ಬಂದು, ನೋಡಿ ಹೋಗುತ್ತಿದ್ದ.

ಜುಲೈನಲ್ಲಿ ಕೂಲಿಯ ಮಾರೆಣ್ಣ ಕುಂಟುತ್ತಾ ಬಂದು ಜಗಲಿಯ ಮೇಲೆ ಕಾಲು ಚಾಚಿದ. ಕಾಲಿನ ಗಿಣ್ಣಿನ ಮೇಲೆ ಬೊಕ್ಕೆ. ಮಾರೆಣ್ಣನ ಮನೆ ನಡುಬಾವಿಯಿಂದ ಮೂರನೆಯದು.

ಹುಲುಗಮ್ಮ ಒಳಗಿನ ದಾರದ ಕಡೆ ಒಮ್ಮೆ ತಿರುಗಿ ನೋಡಿದಳು. ಆದರೂ ಕೈ ತನ್ನ ಕೆಲಸ ಮಾಡಿತು. ಹದಿನೈದು ದಿನ ಕಡ್ಡಿ ಸುತ್ತಿ ಹುಳ ಪೂರ್ತಿ ತೆಗೆದಳು. ಹದಿನೈದನೆಯ ದಿನ ಎರ್ರೆಪ್ಪ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾ, ಇವ್ನು ಹೋದ ವರ್ಷ ಊರಾಗಽ ಇದ್ದಿಲ್ಲ. ಹೊಸಪ್ಯಾಟಿ ಕಡಿಗೆ ಕಲ್ಲು ಒಡಿಯಾಕ ಹೋಗಿದ್ದ, ದೀಪಾವಳಿಗೆ ಬಂದಾನ. ಈ ಗಂಟು ನಮ್ದಲ್ಲ. ಕಟ್ಟಬ್ಯಾಡ."

ಹುಲುಗಮ್ಮನಿಗೂ ಅದು ಗೊತ್ತಿತ್ತು. ಕಟ್ಟದಿದ್ದರೆ ದಾರ ಬೋಳು, ಕೇಂದ್ರ ಗಟ್ಟಿ, ಮಗಳು ಮನೆಗೆ. ದಾರ ಗೂಟದಿಂದ ಇಳಿಸಿಕೊಂಡಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಇಪ್ಪತ್ಮೂರು ವರ್ಷ ಯಾರನ್ನೂ ಎಲ್ಲಿಗೆ ಹೋಗಿದ್ದಿ ಅಂತ ಕೇಳಿಲ್ಲ ನಾನು. ಮನಿ ನೋಡಿ ಕಟ್ಟೀನಿ. ಹಿಂದ ಸುಗ್ಗಿಗೆ ಹೋಗಿ ಬಂದೋರದೂ ಹಿಂಗಽ ಕಟ್ಟೀನಿ. ಈಗ ನನಗ ಬೇಕಾಗೈತಿ ಅಂತ ಇವನ್ನ ಕೇಳ್ಲೇನಣ್ಣ? ಹಂಗಾದ್ರ ಹಿಂದಿನ ಗಂಟು ಒಂದೂ ಖರೇ ಅಲ್ಲ."

ಕಟ್ಟಿದಳು. ಎರ್ರೆಪ್ಪ ರುಮಾಲು ಕೊಡವಿಕೊಂಡು ಹೋದ. ಆ ದಿನ ಕೇರಿಯಲ್ಲಿ ಯಾರೂ ಅವಳ ಮುಖ ನೋಡಲಿಲ್ಲ.

ಆಗಸ್ಟಿನಲ್ಲಿ ಲೆಕ್ಕದ ಪ್ರೊಫೆಸರು ಬಂದ, ಜೊತೆಗೆ ಆ ಮುಖಂಡನೂ. ಇಡೀ ಕೇರಿ ಜಗಲಿಯ ಸುತ್ತ ನಿಂತಿತ್ತು. ಹುಲುಗಮ್ಮ ತಾನಾಗಿಯೇ ನಡುಬಾವಿಯ ದಾರ ಅವನ ಕೈಗಿಟ್ಟಳು. ಅವನು ಕೊನೆಯ ಕವಡೆಯಿಂದ ಈಚೆಗೆ ಬೆರಳಾಡಿಸಿ, ಒಂದೇ ಒಂದು ಗಂಟಿನ ಮೇಲೆ ನಿಲ್ಲಿಸಿದ.

"ಇದು?"

"ಮಾರೆಣ್ಣಂದು," ಅಂದಳು. ಹೊಸಪೇಟೆಯ ಮಾತು ಎತ್ತಲಿಲ್ಲ.

ಪ್ರೊಫೆಸರು ಮಾರೆಣ್ಣನನ್ನು ಕರೆಸಿದ. ಹೋದ ಬೇಸಿಗೆಯಲ್ಲಿ ಎಲ್ಲಿದ್ದೆ, ಯಾವ ನೀರು ಕುಡಿದೆ ಎಂದು ತಾನೇ ಕೇಳಿದ. ಮಾರೆಣ್ಣ ಹೇಳಿದ, ಕಲ್ಲು ಒಡೆಯುವ ಕಡೆ ಗುಂಡಿಯೊಂದರಲ್ಲಿ ನಿಂತ ನೀರು ಕುಡಿದದ್ದು, ಅಲ್ಲೇ ಕಾಲು ತೊಳೆದದ್ದು, ಎಲ್ಲ. ಪ್ರೊಫೆಸರು ಬರೆದುಕೊಂಡು ಹುಲುಗಮ್ಮನ ಕಡೆ ತಿರುಗಿದ.

"ಇದು ನಿನಗೆ ಗೊತ್ತಿತ್ತೇನಮ್ಮ?"

"ಗೊತ್ತಿತ್ರಿ."

"ಮತ್ತೆ ಯಾಕೆ ಕಟ್ಟಿದೆ?"

"ಪದ್ಧತಿ ಐತಿ. ನನಗ ಬೇಕಾದಾಗ ಒಂದು, ಬ್ಯಾಡಾದಾಗ ಒಂದು ಮಾಡಾಕ ಬರೋದಿಲ್ಲ."

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡ. ಮುಖಂಡನಿಗೂ ಕೇರಿಗೂ ಕೇಳುವ ಹಾಗೆ ಹೇಳಿದ, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ತೆಲುಗಿನಲ್ಲಿ: "ನಲವತ್ತೊಂದರಿಂದ ಸೊನ್ನೆ ಅಂತ ತೋರಿಸಿದ್ದರೆ ನಾನು ಅನುಮಾನ ಪಡುತ್ತಿದ್ದೆ. ಈ ಒಂದು ಗಂಟು ಇದೆಯಲ್ಲ, ಇದರಿಂದ ಹಿಂದಿನ ಸಾವಿರ ಗಂಟುಗಳನ್ನೂ ನಂಬುತ್ತೇನೆ." ಹೋದ ಸಲ ಗಡಿಯಾರ ನೋಡಿದ್ದ ಮುಖಂಡ ಈ ಸಲ ಬಾವಿಯ ಕಡೆ ನಡೆದು, ದೋಣಿಯಲ್ಲಿ ಕಾಲು ತೊಳೆದುಕೊಂಡು, ತಾನೇ ರಾಟೆ ಎಳೆದ. ಎರ್ರೆಪ್ಪ ಅಳುತ್ತಿದ್ದ. ಅದನ್ನು ಕೇರಿಯವರು ಇವತ್ತಿಗೂ ಆಡಿಕೊಳ್ಳುತ್ತಾರೆ.

ದೀಪಾವಳಿಯ ಹೊತ್ತಿಗೆ ಆರ್ಡರು ಬಂತು. ಕೌಲ್ ಬಜಾರಿನ ಕೋಣೆಯ ಪಕ್ಕದ ಎರಡು ಕೋಣೆಗಳೂ ಕೇಂದ್ರಕ್ಕೆ ಸೇರಿದವು. ಮದರಾಸಿನಿಂದ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಎರಡು ಸೂಕ್ಷ್ಮದರ್ಶಕ ಬಂದವು. ಎರವಲಿನದನ್ನು ಕೊಟ್ಟೂರಪ್ಪ ಒರೆಸಿ, ಹೂವು ಏರಿಸಿ, ವಾಪಸು ಕಳಿಸಿದ. ಲ್ಯಾಬಿಗೆ ಒಬ್ಬ, ಹಳ್ಳಿ ಸುತ್ತುವುದಕ್ಕೆ ನಾಲ್ವರು. ಆ ನಾಲ್ವರಲ್ಲಿ ಒಬ್ಬಳು ಹುಲುಗಮ್ಮ. ಅರ್ಜಿಯಲ್ಲಿ ಓದು ಬರಹ ಎಷ್ಟು ಎಂಬ ಕಡೆ ಪ್ರೊಫೆಸರು ತನ್ನ ಕೈಯಿಂದಲೇ ಬರೆದಿದ್ದ: ಇಪ್ಪತ್ತಮೂರು ವರ್ಷದ ತಪ್ಪಿಲ್ಲದ ದಾಖಲೆ.

ಮೊದಲ ದಿನ ಕೊಟ್ಟೂರಪ್ಪ ಅವಳನ್ನು ಹೊಸ ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಬೇರೊಂದು ಬಾವಿಯ ನೀರು ತೋರಿಸಿದ. ಒಂದು ಕಣ್ಣು ಮುಚ್ಚಿ ಬಗ್ಗಿದಳು. ಒಂಟಿ ಕಣ್ಣಿನ ಸಣ್ಣದೊಂದು ಚಿಗಟ ಬೆಳಕಿನಲ್ಲಿ ಜಿಗಿಯುತ್ತಿತ್ತು.

"ಇಷ್ಟಽ ಐತಲ್ಲ ಡಾಕ್ಟ್ರೇ," ಅಂದಳು. "ಇದಕ್ಕ ಹೆದರಿ ನನ್ನ ಮಗಳು ತವರಿಗೆ ಬರ್ಲಿಲ್ಲ."

ಐವತ್ತೊಂದರ ಜನವರಿಯಲ್ಲಿ, ಎರಡನೆಯದಕ್ಕೆ ಏಳು ತಿಂಗಳು ತುಂಬಿದ ಹಂಪಮ್ಮ ಸಿರುಗುಪ್ಪದಿಂದ ಕಮಾನು ಬಂಡಿಯಲ್ಲಿ ಕುರುಗೋಡಿಗೆ ಬಂದಳು. ಮಡಿಲಲ್ಲಿ ದೊಡ್ಡ ಕೂಸು, ಪಕ್ಕದಲ್ಲಿ ಅತ್ತೆ ಸತ್ಯಮ್ಮ. ಸುದ್ದಿ ಕೇಳಿ ನಂಬದೆ, ಕಣ್ಣಾರೆ ನೋಡಿಯೇ ಸೊಸೆಯನ್ನು ಬಿಟ್ಟು ಹೋಗುವೆ ಎಂದು ಹೊರಟು ಬಂದಿದ್ದಳು. ಬಂಡಿ ಇಳಿದವಳು ಮನೆಗೆ ಬರಲಿಲ್ಲ. ಮೊದಲು ಬಾವಿಗೆ ಹೋಗಿ ಗೋಡೆ ನೋಡಿದಳು, ರಾಟೆ ನೋಡಿದಳು, ಜಡೆಮ್ಮ ಕೈ ತೋರಿಸಿದ ಮೇಲೆ ದೋಣಿಯಲ್ಲಿ ಕಾಲು ತೊಳೆದಳು. ಆಮೇಲೆ ಬಂದು ಜಗಲಿಯ ಮೇಲೆ ಕೂತಳು.

ಹುಲುಗಮ್ಮ ತಂಬಿಗೆ ತುಂಬ ನೀರು ತಂದು ಮುಂದಿಟ್ಟಳು. ಎರ್ರೆಪ್ಪ, ಮಾರೆಣ್ಣ, ಕೇರಿಯ ಅರ್ಧ ಜನ ಅದೂ ಇದೂ ನೆಪ ಮಾಡಿಕೊಂಡು ಅಲ್ಲೇ ಸುಳಿದಾಡುತ್ತಿದ್ದರು. ಸತ್ಯಮ್ಮ ತಂಬಿಗೆ ಎತ್ತಿದಳು, ಬೆಳಕಿಗೆ ಹಿಡಿದು ನೋಡಿದಳು, ಮೇಲೆತ್ತಿ ಗಟಗಟನೆ ಪೂರ್ತಿ ಕುಡಿದಳು. ಬಾಯಿ ಒರೆಸಿಕೊಂಡು, ಖಾಲಿ ತಂಬಿಗೆಯನ್ನು ಹುಲುಗಮ್ಮನ ಕೈಗೆ ಕೊಟ್ಟಳು.

"ಇನ್ನೊಂದು ತಂಬಿಗಿ ತರ್ರಿ ಬೀಗಿತ್ತಿ," ಅಂದಳು. "ಕೂಸಿಗೂ ನೀರಡಿಕಿ ಆಗೈತಿ."